ಸಮುದ್ರ ಬಂದ ದಿನ ಹೌಸ್‌ಫುಲ್

ಪರದೆಯ ಸಂದಿಯಿಂದ ಇಣುಕಿ, ಗೆಳೆಯರೆಲ್ಲ ಗಡಿಬಿಡಿ ಎಂದೇ ಕರೆಯುವ ಹುಡುಗಿ ನಿಂತಲ್ಲೇ ಕುಣಿದಳು. ಕಾಲೇಜಿನ ಹಾಲ್‌ನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಅವಳೇ ಬರೆದು ಆಡಿಸುತ್ತಿರುವ ಮೊದಲ ನಾಟಕ, ಭೂಮಿ ಬಿಸಿಯಾಗಿ ಸಮುದ್ರ ಊರೊಳಗೆ ಬರುವ ಕಥೆ. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು. ಗಲಾಟೆಯಾದರೆ ನಿಮ್ಮ ತಂಡಕ್ಕೆ ಇದೇ ಕೊನೆಯ ನಾಟಕ ಎಂದು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು.

ಸಮುದ್ರವೆಂದರೆ ನೀಲಿ ಬಟ್ಟೆಯ ದೊಡ್ಡ ಸುರುಳಿ. ಗಡಿಬಿಡಿಯ ಚಿಕ್ಕಮ್ಮ ಹಳೆ ಬೆಡ್‌ಶೀಟುಗಳನ್ನು ಜೋಡಿಸಿ, ಹುರುಪಿನಲ್ಲಿ ಅಳತೆ ಮೀರಿ ಹೊಲಿದುಕೊಟ್ಟಿದ್ದಳು. ಒಂದೊಂದು ದೃಶ್ಯ ಮುಗಿದಾಗಲೂ ಬಟ್ಟೆ ಒಂದೆರಡು ಸಾಲು ಕುರ್ಚಿಗಳನ್ನು ಮುಚ್ಚಬೇಕು, ಅಲ್ಲಿದ್ದವರು ಎದ್ದು ಹಿಂದೆ ಹೋಗಿ ಕೂರಬೇಕು. ರಿಹರ್ಸಲ್‌ನಲ್ಲಿ ಖಾಲಿ ಕುರ್ಚಿಗಳ ಮೇಲೆ ಅದು ನೀರಿನಂತೆ ಸಲೀಸಾಗಿ ಸಾಗಿತ್ತು.

ಸುರುಳಿ ಬಿಚ್ಚಿ ಬಟ್ಟೆ ಬಿಡುವ ಕೆಲಸದ ಉದ್ದಣ್ಣ ಅವಳ ಭುಜ ತಟ್ಟಿದ. “ಲೇ, ಎದ್ದೋರು ಎಲ್ಲಿ ಕೂತ್ಕೋತಾರೆ?”

ಕುಣಿತ ನಿಂತಿತು. ಹಿಂದೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಜನ ಬರಲಿ ಎಂದು ಕಂಡಕಂಡವರ ಕೈಕಾಲು ಹಿಡಿದವಳಿಗೆ, ಬಂದುಬಿಟ್ಟರೆ ಹೇಗೆ ಎಂದು ಹೊಳೆದೇ ಇರಲಿಲ್ಲ. ಸಮುದ್ರವನ್ನು ಸ್ಟೇಜಿನ ಮೇಲೇ ನಿಲ್ಲಿಸೋಣ ಎಂದ ಉದ್ದಣ್ಣ.

“ಸಮುದ್ರ ಜಾಗ ಇದ್ಯಾ ಅಂತ ಕೇಳ್ಕೊಂಡು ಬರತ್ತೇನೋ? ಬಿಡು ಬಟ್ಟೆನ.”

ಮೊದಲ ದೃಶ್ಯ ಮುಗಿಯಿತು. ನೀಲಿ ಬಟ್ಟೆ ಪ್ರಿನ್ಸಿಪಾಲರ ಬೂಟು ಮುಚ್ಚಿತು. ನೀರು ಬಂತು, ಹಿಂದೆ ಹೋಗಿ ಎಂದು ನಟರು ಕೂಗಿದರು. ಮುಂದಿನ ಸಾಲು ನಗುತ್ತಲೇ ಎದ್ದಿತು. ಎರಡನೇ ಸಾಲಿನ ಹುಡುಗಿಯೊಬ್ಬಳು ಸರಿದು ಕೊಟ್ಟ ಅರ್ಧ ಕುರ್ಚಿಯಲ್ಲಿ ಪ್ರಿನ್ಸಿಪಾಲರು ಹೇಗೋ ತುರುಕಿಕೊಂಡರು. ಹಾಲ್ ಹೋ ಎಂದಿತು.

ಮುಂದಿನ ದೃಶ್ಯಕ್ಕೆ ಒಂದೊಂದು ಕುರ್ಚಿಗೆ ಮೂವರಾದರು. ಯಾರದೋ ಮಗು ಯಾರದೋ ತೊಡೆಯ ಮೇಲೆ. ಅದರ ಮುಂದಿನದಕ್ಕೆ ನಗು ಇಳಿಯಿತು. ದಪ್ಪ ಮೀಸೆಯವನೊಬ್ಬ ಕುರ್ಚಿಯನ್ನು ತಬ್ಬಿಕೊಂಡು, ಮೊದಲೇ ಬಂದು ಹಿಡಿದ ಜಾಗ, ಬಿಡಲ್ಲ ಎಂದ. ತಳ್ಳಾಟ, ಬೈಗುಳ ಶುರುವಾಯಿತು. ಗಡಿಬಿಡಿ ಪ್ರಿನ್ಸಿಪಾಲರ ಮುಖ ನೋಡಿದಳು.

“ಸುಮ್ನಿರ್ರೀ ಎಲ್ಲ, ನಾಟಕ ನಡೀತಿದೆ.” ಗದರಿದವರು ಪ್ರಿನ್ಸಿಪಾಲರು. ಅವರೇ ಮೀಸೆಯವನ ಕೈ ಹಿಡಿದು ಎಬ್ಬಿಸಿ ತಮ್ಮ ಪಕ್ಕ ನಿಲ್ಲಿಸಿಕೊಂಡರು.

ಗಡಿಬಿಡಿ ಉದ್ದಣ್ಣನಿಗೆ ಬಿಡು ಎಂದು ಸನ್ನೆ ಮಾಡಿದಳು. ಬಟ್ಟೆ ಮುಂದೆ ಮುಂದೆ ಸಾಗುತ್ತಲೇ ಹೋಯಿತು. ಕೊನೆಗೆ ಇಡೀ ಹಾಲ್ ಹಿಂದಿನ ಗೋಡೆಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು ನಿಂತಿತು.

“ಇನ್ನೂ ಎಷ್ಟಿದೆಯಮ್ಮಾ?” ಗೋಡೆಗೆ ಬೆನ್ನು ಹಚ್ಚಿದ್ದ ಪ್ರಿನ್ಸಿಪಾಲರು ಅಲ್ಲಿಂದಲೇ ಕೇಳಿದರು.

ಗಡಿಬಿಡಿ ತಿರುಗಿ ನೋಡಿದಳು. ಉದ್ದಣ್ಣನ ತೋಳಿನಲ್ಲಿ ಸುರುಳಿ ಇನ್ನೂ ಅರ್ಧ ಉಳಿದಿತ್ತು.