ಕಾಗೆ ಕಮರಿಗೆ ಒಂದು ಒಳಂಗಿ

"ನಡೆಯೋದಕ್ಕಲ್ಲ ಗುನ್ವೋರ್. ಮಲಗೋದಕ್ಕೆ."

ಗುನ್ವೋರಳ ಕೈ ಕಪಾಟಿನ ಮೇಲೆಯೇ ನಿಂತಿತು. ಅವಳು ತೆಗೆಯಹೊರಟಿದ್ದು ಬಲೆಯಂತೆ ಹೆಣೆದ ತೆಳು ಉಣ್ಣೆಯ ಒಳಂಗಿ. ಚಳಿಗಾಲದಲ್ಲಿ ಬೆಟ್ಟ ಹತ್ತಿ ಬೇಟೆಯಾಡುವವರು ಅದನ್ನೇ ಕೇಳುತ್ತಾರೆ. ಮೈಯಲ್ಲಿ ಬೆವರು ನಿಲ್ಲುವುದಿಲ್ಲ. ದಪ್ಪನೆಯದನ್ನು ಕೇಳುವವರು ಬೇರೆ. ಒಂದೇ ಕಡೆ ಅಲುಗಾಡದೆ ಹೊಂಚು ಹಾಕುವವರು.

ಕೇಳಿದವನು ಓಸ್ಮುಂಡ್, ಅರವತ್ತೊಂಬತ್ತರ ಮುದುಕ. ಹದಿನೇಳು ತಿಂಗಳಿಂದ ಅವನು ಈ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ.

"ಮಂಡಿ ನೋವು ಅಂತ ಇಗರ್ಜಿಯಲ್ಲೇ ಮೊಣಕಾಲೂರಲ್ಲ ನೀವು. ಹಿಮದಲ್ಲಿ ಬೇಟೆಗೆ ಹೋಗ್ತೀರಾ ಓಸ್ಮುಂಡಣ್ಣ?"

"ಮಲಗೋಕೆ ಮಂಡಿ ಯಾಕೆ ಬೇಕು?"

ಅವಳಿಗೆ ನಗು ಬರಲಿಲ್ಲ. "ಎಷ್ಟು ಹೊತ್ತು?"

"ಅವನು ಬರೋ ತನಕ. ಒಂದು ಗಂಟೆ ಆಗಬಹುದು. ಮೂರಾದರೂ ಆಗಬಹುದು."

ಯಾರು ಎಂದು ಅವಳು ಕೇಳಲಿಲ್ಲ. ಅತಿ ದಪ್ಪನೆಯ ಉಣ್ಣೆಯ ಒಳಂಗಿಯನ್ನು ಮೇಜಿನ ಮೇಲೆ ಹರಡಿದಳು. ಅವನು ಅದನ್ನು ಕೆನ್ನೆಗೆ ಒತ್ತಿಕೊಂಡ. ಒಳಮಗ್ಗುಲು ಹೊರಗೆ ಮಾಡಿ ಹೊಲಿಗೆಗಳನ್ನು ಬೆರಳಿನಿಂದ ತಡವಿ ನೋಡಿದ.

"ಹತ್ತಿ ಒಂದೆಳೆಯೂ ಇಲ್ಲ ತಾನೆ?"

ಇಬ್ಬರೂ ಮುಖ ಬೇರೆ ಕಡೆ ತಿರುಗಿಸಿದರು.

ಹದಿನೇಳು ತಿಂಗಳ ಹಿಂದೆ, ಸೆಪ್ಟೆಂಬರಿನಲ್ಲಿ, ಅವನ ಮಗ ಶೂರ್, ಅವಳ ತಮ್ಮ ಐಲೆವ್ ಜೊತೆ ಕಾಗೆ ಕಮರಿಗೆ ಹಿಮಸಾರಂಗದ ಬೇಟೆಗೆ ಹೋಗಿದ್ದ. ಬಿಸಿಲಿತ್ತು. ನಾರ್ವೆಯ ಬೆಟ್ಟದವರು ಬಿಸಿಲು ಕಂಡರೆ ಮಾಡುವ ತಪ್ಪನ್ನೇ ಶೂರ್ ಮಾಡಿದ. ಉಣ್ಣೆ ಬಿಟ್ಟು ಹತ್ತಿಯ ಒಳಂಗಿ ಹಾಕಿಕೊಂಡ. ಮಾಂಸ ಹೊತ್ತು ಬೆವೆತ. ಮಧ್ಯಾಹ್ನ ಹಿಮ ಸುರಿಯಿತು. ಒದ್ದೆ ಬಟ್ಟೆ ಮೈಗಂಟಿ ಅವನಿಗೆ ಹೆಜ್ಜೆ ಇಡಲಾಗಲಿಲ್ಲ. "ಇಲ್ಲೇ ಕೂತಿರು, ಜನ ಕರೆತರ್ತೀನಿ" ಎಂದು ಐಲೆವ್ ಇಳಿದು ಬಂದ. ಜನ ಹೋಗುವಷ್ಟರಲ್ಲಿ ಹಿಮ ಮುಚ್ಚಿ ಎಲ್ಲ ಬೆಳ್ಳಗಾಗಿತ್ತು. ಶೂರ್ ಹಿಮದಡಿ ಹೆಣವಾಗಿ ಸಿಕ್ಕಿದ್ದು ಮೂರನೆಯ ದಿನ. ಹುಡುಕಿದವರು ಅವನ ಪಕ್ಕದಲ್ಲೇ ಎರಡು ಸಲ ಹಾದು ಹೋಗಿದ್ದರು.

ಆ ಹತ್ತಿಯ ಅಂಗಿ ಮಾರಿದ್ದು ಗುನ್ವೋರ್.

"ವಾಸನೆ ಹೋಗೋ ಸೋಪು ಕೊಡಲಾ?" ಎಂದಳು, ಏನಾದರೂ ಹೇಳಬೇಕೆಂದು. "ಬೇಟೆಗೆ ಹೋಗೋರೆಲ್ಲ ಅದರಲ್ಲೇ ಒಗೀತಾರೆ."

"ಬೇಡ. ನನ್ನ ವಾಸನೆ ಇರಲಿ. ಒಂದು ಸಲಿಕೆ ಕೊಡು."

ಬಾಗಿಲ ಬಳಿ ಅವನು ನಿಂತ. "ಶನಿವಾರ ನಾನು ಕಾಗೆ ಕಮರಿಯಲ್ಲಿರೋದು ಐಲೆವ್‌ಗೆ ಗೊತ್ತಾಗಬಾರದು. ದೇವರ ಮುಂದೆ ಮಾತು ಕೊಡು."

ಆ ಮುಖಕ್ಕೆ ಇಲ್ಲವೆನ್ನುವ ಹಕ್ಕು ತನಗಿಲ್ಲ ಎನಿಸಿತು. ಮಾತು ಕೊಟ್ಟಳು. ಅವನು ಹೋದ ಮೇಲೆ ಅವಳಿಗೆ ಹೊಳೆಯಿತು. ಐಲೆವ್ ಪ್ರತಿ ಶನಿವಾರ ಅದೇ ಕಮರಿಗೆ ಹೋಗುತ್ತಾನೆ. ಊರಿಗೆಲ್ಲ ಗೊತ್ತು. ಓಸ್ಮುಂಡ್ ಎಂದೂ ಎರಡನೆಯ ಗುಂಡು ಖರ್ಚು ಮಾಡಿದವನಲ್ಲ. ಅದೂ ಊರಿಗೆಲ್ಲ ಗೊತ್ತು.

ಶುಕ್ರವಾರ ಸಂಜೆ ತಮ್ಮನ ಮನೆಗೆ ಹೋದಳು. ಶೂರ್ ಹೋದ ಮೇಲೆ ಐಲೆವ್ ಯಾರೊಂದಿಗೂ ಬೆರೆಯುತ್ತಿರಲಿಲ್ಲ. ಆ ಚಳಿಗಾಲ ತಂದು ಸಾಕಿದ ಕಪ್ಪು ನಾಯಿಯೊಂದೇ ಅವನಿಗೆ ಜೊತೆ. ಅವನು ರೊಟ್ಟಿಯ ಮೇಲೆ ಕಂದು ಗಿಣ್ಣು ಹೆರೆದು ಹಾಕಿಕೊಳ್ಳುತ್ತಿದ್ದ.

"ನಾಳೆ ಬೆಟ್ಟಕ್ಕೆ ಹೋಗಬೇಡ."

"ನಾಳೆ ತಪ್ಪಿಸೋಕೆ ಆಗಲ್ಲ ಅಕ್ಕ."

"ಅಲ್ಲಿ ಯಾರಾದರೂ ನಿನಗೋಸ್ಕರ ಕಾದಿದ್ದರೆ?"

ಐಲೆವ್ ಚಾಕು ಕೆಳಗಿಟ್ಟ. "ಕಾದಿರ್ತಾರೆ ಅಂತಲೇ ಹೋಗ್ತಿರೋದು."

ಅವನಿಗೆ ಗೊತ್ತಿದೆ ಎಂದುಕೊಂಡಳು. ಗೊತ್ತಿದ್ದೂ ಹೋಗುತ್ತಿದ್ದಾನೆ. ಸಾಯಲೆಂದೇ ಹೋಗುತ್ತಿದ್ದಾನೆ.

ಶನಿವಾರ ಅಂಗಡಿ ತೆರೆಯಲಿಲ್ಲ. ಹಿಮಜಾರು ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ಬೇರೆ ದಾರಿಯಿಂದ ಬೆಟ್ಟ ಹತ್ತಿದಳು. ತೆಳ್ಳಗೆ ಹಿಮ ಬೀಳುತ್ತಿತ್ತು. ಕಮರಿಯ ಅಂಚಿಗೆ ಬಂದು ನೋಡಿದರೆ ಕೆಳಗೆ ಐಲೆವ್, ಅವನಿಗಿಂತ ಮುಂದೆ ನಾಯಿ. ಓಸ್ಮುಂಡ್ ಎಲ್ಲೂ ಕಾಣಲಿಲ್ಲ. ಸಲಿಕೆ ನೆನಪಾಯಿತು. ಹಿಮದೊಳಗೆ ಗುಂಡಿ ತೋಡಿ ಮಲಗಿದವನು ಹೇಗೆ ಕಾಣಬೇಕು?

"ಐಲೆವ್, ಹಿಂದಕ್ಕೆ ಹೋಗು" ಎಂದು ಕೂಗಿದಳು. ಎದುರುಗಾಳಿ ಮಾತನ್ನು ಅವಳ ಬಾಯಿಗೇ ತುರುಕಿತು. ಇಳಿಜಾರಿನಲ್ಲಿ ಬೀಳುತ್ತ ಏಳುತ್ತ ಜಾರಿ ಇಳಿದಳು.

ಐಲೆವ್ ಇನ್ನು ಇಪ್ಪತ್ತು ಹೆಜ್ಜೆ ದೂರ ಇರುವಾಗ ನಾಯಿ ನಿಂತಿತು. ಕುಂಯ್‌ಗುಟ್ಟಿ ನೆಲ ಕೆದಕತೊಡಗಿತು. ಹಿಮ ಕುಸಿದು ಒಂದು ತೋಳು ಹೊರಬಂತು. ಐಲೆವ್ ಓಡಿಹೋಗಲಿಲ್ಲ. ಆ ಗುಂಡಿಯ ಮುಂದೆ ಮೊಣಕಾಲೂರಿ ತಲೆ ತಗ್ಗಿಸಿದ. ಗುನ್ವೋರ್ ಕಣ್ಣು ಮುಚ್ಚಿದಳು. ಕರುಣಾಳು ಪ್ರಭುವೇ, ಎಂದಳು. ಗುಂಡಿನ ಸದ್ದಿಗೆ ಕಾದಳು.

ಕೇಳಿಸಿದ್ದು ಒಬ್ಬ ಹೆಂಗಸಿನ ದನಿ.

"ಹನ್ನೆರಡು ನಿಮಿಷಕ್ಕೆ ಗಡಿಯಾರ ನಿಲ್ಲಿಸಿದೆ. ಪರೀಕ್ಷೆ ಮುಗೀತು ಐಲೆವ್. ಹಿಮದಲ್ಲಿ ಹೂತವರನ್ನ ಹುಡುಕೋ ನಾಯಿಗಳ ಪಟ್ಟಿಗೆ ನಿನ್ನ ನಾಯಿಯೂ ಸೇರಿತು."

ಬಂಡೆಯ ಮರೆಯಿಂದ ಕೆಂಪು ಅಂಗಿಯ ಇಬ್ಬರು ಅಪರಿಚಿತರು ಬರುತ್ತಿದ್ದರು. ಐಲೆವ್ ಅವರತ್ತ ನೋಡಲಿಲ್ಲ. ಗುಂಡಿಯಿಂದ ಎದ್ದು ಕುಳಿತ ಮುದುಕನನ್ನೇ ನೋಡುತ್ತಿದ್ದ. ಪರೀಕ್ಷೆಗೆ ಅಡಗಿ ಮಲಗಲು ಒಪ್ಪಿದ್ದು ಯಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾಯಿ ಓಸ್ಮುಂಡನ ಗಡ್ಡದ ಹಿಮ ನೆಕ್ಕುತ್ತಿತ್ತು.

"ಹನ್ನೆರಡು ನಿಮಿಷ," ಎಂದ ಓಸ್ಮುಂಡ್. "ಇಷ್ಟೇ ಹೊತ್ತಾಗಿದ್ದರೆ ನಮ್ಮ ಶೂರ್ ಕಾಯ್ತಿದ್ದ ಕಣಪ್ಪ."