ಕೆಂಪು ಶೂವಿನ ಹಸಿರು ತೇಪೆ

ಪ್ಲಾಸ್ಟಿಕ್ ಸುಟ್ಟ ವಾಸನೆಗೆ ಮನೆಯವರೆಲ್ಲ ಮೂಗು ಮುಚ್ಚುತ್ತಾರೆ. ನನಗೆ ಮಾತ್ರ ಅಜ್ಜಿ ನೆನಪಾಗುತ್ತಾಳೆ.

ಬೇಸಿಗೆ ರಜೆಗೆ ಕಿಬ್ಬನಹಳ್ಳಿಯ ಅತ್ತೆ ಮನೆಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನವೇ ನನ್ನ ಕೆಂಪು ಪ್ಲಾಸ್ಟಿಕ್ ಶೂವಿನ ಪಟ್ಟಿ ಕಿತ್ತುಹೋಯಿತು.

"ಅಳಬ್ಯಾಡ ಬುಡು, ಬೆಸೆದ್ರಾಯ್ತು ಕಣೇ," ಎಂದ ಅಜ್ಜಿ, ತೆಂಗಿನ ಕರಟದ ಕೆಂಡದಲ್ಲಿ ಕುಡುಗೋಲು ಕಾಯಿಸಿದಳು. ಮುರಿದುಹೋಗಿದ್ದ ಹಸಿರು ಪ್ಲಾಸ್ಟಿಕ್ ಬಳೆಯ ಚೂರನ್ನು ಕಿತ್ತ ಜಾಗಕ್ಕಿಟ್ಟು ಕಾದ ಕುಡುಗೋಲಿನಿಂದ ಒತ್ತಿದಳು. ಅದು ಚುಂಯ್ ಎಂದು ಕರಗಿ ಅಂಟಿತು. ಆರುವ ಮುಂಚೆ ಕುಡುಗೋಲಿನ ತುದಿಯಿಂದ ಗೀರಿ ಹೂವಿನ ಎಸಳು ಮೂಡಿಸಿದಳು.

ಕೆಂಪಿಗೆ ಹಸಿರು ತೇಪೆ! ಅತ್ತೆ ಮಗಳು ನಗುತ್ತಾಳೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಕಾಲನ್ನು ಸೀಟಿನಡಿ ಬಚ್ಚಿಟ್ಟುಕೊಂಡೇ ಕೂತಿದ್ದೆ.

ಅವಳು ನೋಡಿದಳು, ನಗಲಿಲ್ಲ. ಸಂಜೆ ತನ್ನ ಹೊಚ್ಚ ಹೊಸ ಶೂವಿನ ಪಟ್ಟಿ ಕತ್ತರಿಸಿಕೊಂಡು ಬಂದು ನಿಂತಳು.

"ನಡಿಯೇ, ಅಜ್ಜಿ ತಾವ ಹೋಗಣ."