ಮೊದಲು ಐಸು, ಆಮೇಲೆ ತಾಂಬೂಲ

ಹುಡುಗಿಯ ಬೆರಳು ಒಮ್ಮೊಮ್ಮೆ ಬೆಳ್ಳಗಾಗುತ್ತದೆಂದು ಯಾರೋ ಕಿವಿಯಲ್ಲಿ ಊದಿದ್ದೇ ತಡ, ಸರ್ವಮಂಗಳಮ್ಮನವರಿಗೆ ಅದು ತೊನ್ನೇ ಎಂದು ಖಾತ್ರಿಯಾಗಿಹೋಯಿತು. ಮಗನ ತಾಂಬೂಲ ಶಾಸ್ತ್ರವನ್ನು ಮುಂದೂಡಿ, ಭಾವೀ ಸೊಸೆಯನ್ನು ತಾವೇ ಕರೆತಂದು ಡಾಕ್ಟರ ಮುಂದೆ ಕೂರಿಸಿದರು.

"ಇದು ತೊನ್ನಲ್ಲಮ್ಮ," ಎಂದರು ಡಾಕ್ಟರು. "ರಕ್ತನಾಳ ಬಿಗಿದುಕೊಂಡು ಬೆರಳು ಸ್ವಲ್ಪ ಹೊತ್ತು ಬಿಳಿಚಿಕೊಳ್ಳುತ್ತೆ, ಅಷ್ಟೆ. ಕೆಲವರಿಗೆ ತಣ್ಣೀರು ತಾಗಿದ್ರೆ ಹೀಗಾಗುತ್ತೆ, ಕೆಲವರಿಗೆ ಹೆದರಿಕೆಯಾದ್ರೂ ಸಾಕು."

"ಬಾಯಿಮಾತು ಬೇಡ ಡಾಕ್ಟ್ರೇ, ನನ್ನ ಕಣ್ಣೆದುರಿಗೇ ಪರೀಕ್ಷೆ ಮಾಡಿ. ನಮ್ಮನೇಲಿ ಸೊಸೆ ಅಂದ್ಮೇಲೆ ಬೆಳಗಿನ ಜಾವ ಎದ್ದು ತಣ್ಣೀರಲ್ಲೇ ಪಾತ್ರೆ ತೊಳೀಬೇಕು."

ಐಸು ತುಂಬಿದ ಬೋಗುಣಿ ಬಂತು. ಹುಡುಗಿ ತುಟಿ ಕಚ್ಚಿಕೊಂಡು ಎರಡೂ ಕೈ ಮುಳುಗಿಸಿದಳು. ಒಲೆಯ ಮೇಲಿನ ಹಾಲು ಉಕ್ಕುವುದನ್ನೇ ಕಾಯುವವರಂತೆ ಸರ್ವಮಂಗಳಮ್ಮ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. ಕೈ ಹೊರಬಂದಾಗ ಬೆರಳುಗಳು ದಾಳಿಂಬೆಯಂತೆ ಕೆಂಪಗಿದ್ದವು.

"ಬೆಳ್ಳಗೆ ಆಗಲೇ ಇಲ್ಲ ನೋಡಿ," ಎಂದರು ಡಾಕ್ಟರು.

ನಾಲಿಗೆಯ ತುದಿಗೆ ಬಂದಿದ್ದ ಬೈಗುಳವನ್ನು ಸರ್ವಮಂಗಳಮ್ಮ ಒಲ್ಲದ ಮನಸ್ಸಿನಿಂದ ನುಂಗಿಕೊಂಡರು. ಆಮೇಲೆ ಮುಖದ ತುಂಬ ನಗು ತಂದುಕೊಂಡು, ಹುಡುಗಿಯ ಕೈಯನ್ನು ತಮ್ಮ ಅಂಗೈ ಮೇಲಿಟ್ಟುಕೊಂಡು ಮೆಲ್ಲಗೆ ಸವರಿದರು.

"ಹೊಟ್ಟೆಕಿಚ್ಚಿನ ಮುಂಡೇವು, ಇಲ್ಲದ್ದೆಲ್ಲ ಹಬ್ಬಿಸ್ತವೆ! ನೀನು ನನ್ನ ಮಗಳಿದ್ದ ಹಾಗೆ ಕಣೇ. ಮದುವೆ ಆದ್ಮೇಲೆ ಅವನು ಯಾವೂರಿಗೆ ವರ್ಗ ಆದ್ರೂ ಆಗ್ಲಿ, ನೀನು ಮಾತ್ರ ಕೊನೇತನಕ ನನ್ನ ಜೊತೇಲೇ ಇರ್ತೀಯ."

ಅವರ ಅಂಗೈ ಮೇಲಿದ್ದ ಬೆರಳುಗಳು ಒಂದೊಂದಾಗಿ ಸುಣ್ಣದಂತೆ ಬೆಳ್ಳಗಾದವು.